ಜಾನಿಗೆ ‘ಪ್ಯಾನ್ ಯುರೋಪ್’ ಬೇಕಾಗಲಿಲ್ಲ

ವಿಮಾನದ ಕೆಲಸ ಹಿಡಿದು ಫ್ರಾನ್ಸಿನ ತುಲೂಸಿಗೆ ಬರುವ ನಮ್ಮಂಥ ಬೆಂಗಳೂರಿನವರು ಜಾನಿ ಅಲಿಡೇ ಹೆಸರನ್ನು ಊರಲ್ಲಿದ್ದಾಗ ಕೇಳಿಯೇ ಇರುವುದಿಲ್ಲ. ಇಲ್ಲಿಗೆ ಬಂದ ಮೇಲೆ ತಪ್ಪಿಸಿಕೊಳ್ಳೋಕೆ ಆಗಲ್ಲ. ಎಲ್ಲರೂ ಬರೀ ‘ಜಾನಿ’ ಅಂತಾರೆ, ನಾವು ‘ಅಣ್ಣಾವ್ರು’ ಅಂದ ಹಾಗೆ. ಯಾವ ಜಾನಿ ಅಂತ ಯಾರೂ ಕೇಳುವುದಿಲ್ಲ.

2017ರ ಡಿಸೆಂಬರಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಈ ರಾಕ್ ಗಾಯಕನಿಗೆ 74 ವರ್ಷ. ಶಾಂಜೆಲಿಜೆ ಬೀದಿಯಲ್ಲಿ ಶವಯಾತ್ರೆ, ಹಿಂದೆ ನೂರಾರು ಬೈಕುಗಳು, ಚರ್ಚಿನ ಮುಂದೆ ಅಧ್ಯಕ್ಷ ಮ್ಯಾಕ್ರನ್ ಭಾಷಣ. ಕೊನೆಯ ದಿನಗಳಲ್ಲಿ ಹಾಡಿಟ್ಟಿದ್ದ ‘ಮೊಂ ಪೇಯಿ ಸೆ ಲಾಮೂರ್’ ಆಲ್ಬಂ 2018ರ ಅಕ್ಟೋಬರ್ 19ಕ್ಕೆ ಹೊರಬಂತು. ಮೊದಲ ದಿನವೇ ಸುಮಾರು 3 ಲಕ್ಷ ಪ್ರತಿ, ಒಂದು ವಾರಕ್ಕೆ 7 ಲಕ್ಷ 80 ಸಾವಿರ. ಇಲ್ಲಿ 5 ಲಕ್ಷ ದಾಟಿದರೆ ‘ಡೈಮಂಡ್’ ಮನ್ನಣೆ. ಎಲ್ಲರೂ ಫೋನಿನಲ್ಲೇ ಹಾಡು ಕೇಳುವ ಕಾಲದಲ್ಲಿ ಬಹುಪಾಲು ಮಾರಾಟವಾದದ್ದು ಸಿ.ಡಿ.ಗಳೇ. ಆ ವಾರ ಸೂಪರ್ ಮಾರ್ಕೆಟ್ಟಿನ ಕ್ಯೂನಲ್ಲಿ ನನ್ನ ಮುಂದಿದ್ದ ಅಜ್ಜಿಯ ಗಾಡಿಯಲ್ಲಿ ಹಾಲು, ಚೀಸು, ಬಗೆಟ್ ಬ್ರೆಡ್ಡು, ಜೊತೆಗೆ ಎರಡು ಜಾನಿ. ಒಂದು ಕೇಳೋಕೆ, ಇನ್ನೊಂದು ಪ್ಲಾಸ್ಟಿಕ್ ಬಿಚ್ಚದೆ ಇಡೋಕೆ ಅಂತ ಬಿಲ್ ಹಾಕುವ ಹುಡುಗನಿಗೆ ವಿವರಿಸುತ್ತಿದ್ದರು.

ಹಾಡುಗಳು ಅಂಥಾ ಅದ್ಭುತವೇನಲ್ಲ, ಹಳೇ ಧಾಟಿಯ ರಾಕ್, ಬ್ಲೂಸ್. ಗಂಟಲು ಮಾತ್ರ ಕಾಯಿಲೆಯವರದ್ದು ಅಂತ ನಂಬೋಕಾಗಲ್ಲ. ಆಸ್ತಿಗಾಗಿ ಮಕ್ಕಳು ಮತ್ತು ಹೆಂಡತಿ ಲೆತಿಸಿಯಾ ನಡುವೆ ಕೋರ್ಟಿನಲ್ಲಿ ನಡೆದ ಜಗಳವೂ ವರ್ಷವಿಡೀ ಪುಕ್ಕಟೆ ಪ್ರಚಾರ ಕೊಟ್ಟಿತ್ತು ಅನ್ನಿ.

ಅಪ್ಪು ಹೋದ ಮೇಲೆ 2022ರ ಮಾರ್ಚ್ 17ಕ್ಕೆ ‘ಜೇಮ್ಸ್’ ಬಂದಾಗಿನ ಥಿಯೇಟರುಗಳು ನೆನಪಿರುವವರಿಗೆ ಇಂಥ ಅಭಿಮಾನ ಹೊಸದಲ್ಲ. ವ್ಯತ್ಯಾಸ ಇರೋದು ಬೇರೆ ಕಡೆ. ಜಾನಿ ಇಂಗ್ಲಿಷಿನಲ್ಲೂ ಹಾಡಿ ನೋಡಿದ್ದರು, ಹೊರಗೆ ನಡೆಯಲಿಲ್ಲ. ಈ ಆಲ್ಬಮ್ಮೂ ಫ್ರಾನ್ಸ್ ಬಿಟ್ಟರೆ ಮೊದಲ ಸ್ಥಾನಕ್ಕೇರಿದ್ದು ಬೆಲ್ಜಿಯಂನ ಫ್ರೆಂಚ್ ಸೀಮೆ, ಸ್ವಿಟ್ಜರ್ಲೆಂಡಿನಂಥ ಅಕ್ಕಪಕ್ಕದಲ್ಲೇ. ಲಂಡನ್ನಿನಲ್ಲಿ ಎಷ್ಟು ಹೋಯಿತು ಅಂತ ನನ್ನ ಆಫೀಸಿನಲ್ಲಿ ಒಬ್ಬರೂ ಕೇಳಲಿಲ್ಲ. ನಮ್ಮಲ್ಲಾದರೆ ಹಿಂದಿಯಲ್ಲಿ ಎಷ್ಟು ಕೋಟಿ ಬಂತು, ಪ್ಯಾನ್ ಇಂಡಿಯಾ ಆಯ್ತಾ ಅನ್ನೋದೇ ಮೊದಲ ಪ್ರಶ್ನೆ. 2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. ಫ್ರಾನ್ಸಿನ ಜನಸಂಖ್ಯೆ ಇದರ ಎರಡರಷ್ಟೂ ಇಲ್ಲ. ಮನೆಯವರು ಮೆಚ್ಚಿದ್ದು ಸಾಲದು ಅನ್ನುವ ಈ ಕೀಳರಿಮೆ ನಮಗೆ ಎಲ್ಲಿಂದ ಅಂಟಿತೋ!

ಇವರದ್ದು ಬರೀ ಭಾಷಾಭಿಮಾನ ಅಂದುಕೊಳ್ಳಬೇಡಿ, ಕಾನೂನಿನ ಕೈವಾಡವೂ ಇದೆ. 1996ರಿಂದ ಇಲ್ಲಿನ ರೇಡಿಯೊಗಳು ಜನಪ್ರಿಯ ಹಾಡುಗಳಲ್ಲಿ ಶೇ. 40ರಷ್ಟು ಫ್ರೆಂಚ್ ಹಾಡುಗಳನ್ನೇ ಹಾಕಬೇಕು, ಅದರಲ್ಲೂ ಅರ್ಧ ಹೊಸಬರದ್ದೋ ಹೊಸ ಹಾಡೋ ಆಗಿರಬೇಕು. 2015ರಲ್ಲಿ ರೇಡಿಯೊದವರು ಇದರ ವಿರುದ್ಧ ಗಲಾಟೆ ಮಾಡಿದರು, ಮರುವರ್ಷ ನಿಯಮ ಕೊಂಚ ಸಡಿಲವಾಯಿತು, ಆದರೆ ಹೋಗಲಿಲ್ಲ. ಮಾರಾಟದ ಲೆಕ್ಕವೂ ವಾರವಾರ ಪಟ್ಟಿಯಾಗಿ ಬರುತ್ತದೆ. ಬೆಂಗಳೂರಿನ ಎಫ್‌ಎಂಗಳಲ್ಲಿ ಕನ್ನಡ ಹಾಡು ಹಾಕಿ ಅಂತ ಕೇಳುಗರೇ ಗಂಟುಬೀಳಬೇಕಾಗಿತ್ತು. ಈಗ ಹಾಕುತ್ತಾರೆ ನಿಜ, ಆದರೆ ಹೆಚ್ಚಿನವು ಸಿನಿಮಾ ಹಾಡುಗಳೇ. ಗಿಟಾರ್ ಹಿಡಿದು ಸ್ವಂತ ಕನ್ನಡ ಆಲ್ಬಂ ಮಾಡುವ ಹುಡುಗರು ಅಲ್ಲಿ ಕೇಳಿಸುವುದು ಅಪರೂಪ. ಅರ್ಧ ಬೇಡ, ಇಂಥವರಿಗೆ ಗಂಟೆಗೊಂದು ಹಾಡಿನ ಜಾಗ ಸಿಕ್ಕಿದರೂ ನಾನು ಇಲ್ಲಿಂದಲೇ ಆ್ಯಪ್‌ನಲ್ಲಿ ಕೇಳ್ತೀನಿ.