ಒಂದು ಡಾಲರಿನ ಉಕ್ಕು, ಒಡೆಯನಿಲ್ಲದ ಚೆಂಡು

ಸರ್ಬಿಯಾದ ಸ್ಮೆದೆರೆವೊ ಪಟ್ಟಣದ ಫುಟ್‌ಬಾಲ್ ಕ್ಲಬ್ಬಿನಲ್ಲಿ ಅತ್ಯಂತ ಭದ್ರವಾದ ನೌಕರಿ ಗೋಲ್‌ಕೀಪರನದಲ್ಲ, ತರಬೇತುದಾರನದಂತೂ ಅಲ್ಲವೇ ಅಲ್ಲ. ಅದು ಬೋರ್ಡು ಬರೆಯುವವನದು. ಯುದ್ಧ ಮುಗಿದರೂ ಅವನಿಗೆ ಕೆಲಸ, ಆಡಳಿತ ಬದಲಾದರೂ ಕೆಲಸ, ಕಾರ್ಖಾನೆ ಏಳಲಿ ಬೀಳಲಿ ಅವನ ಬಣ್ಣದ ಡಬ್ಬಿ ಒಣಗುವುದಿಲ್ಲ.

ರಾಜಧಾನಿ ಬೆಲ್‌ಗ್ರೇಡಿನಿಂದ ಸ್ವಲ್ಪ ದೂರದಲ್ಲಿ, ಡ್ಯಾನ್ಯೂಬ್ ನದಿಯ ದಂಡೆಯಲ್ಲಿ ಈ ಊರಿದೆ. ದ್ರಾಕ್ಷಿಗೆ ಹೆಸರುವಾಸಿ. ಇಲ್ಲಿ ತಯಾರಾಗುವ ಸೌದೆ ಒಲೆಗೆ ಇಡೀ ದೇಶ ಊರಿನ ಹೆಸರನ್ನೇ ಇಟ್ಟು 'ಸ್ಮೆದೆರೆವಾತ್ಸ್' ಎಂದು ಕರೆಯುತ್ತದೆ. ಹದಿನೈದನೆಯ ಶತಮಾನದಲ್ಲಿ ದೊರೆ ಜುರಾಜ್ ಬ್ರಾಂಕೊವಿಚ್ ಕಟ್ಟಿಸಿದ ಭಾರೀ ಕೋಟೆಯೂ ಇದೆ. ಕಲ್ಲು ಹೊತ್ತ ಜನ ದೊರೆಯನ್ನು ಬೈಯಲು ಅಂಜಿ ಅವನ ಹೆಂಡತಿಯನ್ನು 'ಶಾಪಗ್ರಸ್ತ ಯೆರಿನಾ' ಎಂದು ಹಾಡು ಕಟ್ಟಿ ಬೈದರು. ದೊಡ್ಡವರ ಖಯಾಲಿಗೆ ಬೆನ್ನು ಕೊಡುವುದೂ, ಸಿಟ್ಟನ್ನು ಪಕ್ಕದವರ ಮೇಲೆ ತೀರಿಸಿಕೊಳ್ಳುವುದೂ ಊರಿಗೆ ಹೊಸದಲ್ಲ.

ಕ್ಲಬ್ ಹುಟ್ಟಿದ್ದು 1924ರಲ್ಲಿ. ಊರಿಗೆ ಅನ್ನ ಕೊಡುತ್ತಿದ್ದುದು ಸರ್ತಿದ್ ಎಂಬ ಉಕ್ಕಿನ ಕಾರ್ಖಾನೆ, ಆದ್ದರಿಂದ ತಂಡದ ಹೆಸರೂ ಸರ್ತಿದ್. ಇದರಲ್ಲಿ ತಕರಾರಿಲ್ಲ, ಉಣ್ಣಿಸಿದವರ ಹೆಸರು ಹೇಳುವುದು ಧರ್ಮ. ಆದರೆ ಎರಡನೆಯ ಮಹಾಯುದ್ಧದ ನಂತರ ಸಮಾಜವಾದ ಬಂದಿತು. ಕಂಪನಿಯ ಹೆಸರಿನಲ್ಲಿ ಬಂಡವಾಳದ ವಾಸನೆ ಹೊಡೆಯಿತೋ ಏನೋ, ಲೋಹ ಕಾರ್ಮಿಕರ ಗೌರವಾರ್ಥ ತಂಡ 'ಮೆತಾಲಾತ್ಸ್' ಆಯಿತು. ಮುಂದೆ ಊರಿನ ಹೆಸರು. ಅದೂ ಸಾಲದೆಂದು ಏಕತೆಯನ್ನು ಸಾರುವ 'ಯೆದಿನ್‌ಸ್ತ್ವೊ'. ಏಕತೆ ಸಾರಿ ಸಾಕಾದ ಮೇಲೆ ಮತ್ತೆ ಲೋಹದ ನೆನಪಾಗಿ 'ಮೆತಾಲುರ್ಗ್'. ಅದಾದ ಮೇಲೆ ಪುನಃ ಊರಿನ ಹೆಸರು. ಇಷ್ಟೆಲ್ಲ ನಾಮಕರಣ ನಡೆಯುವಾಗ ತಂಡ ಯುಗೊಸ್ಲಾವಿಯಾದ ಫುಟ್‌ಬಾಲಿನಲ್ಲಿ ಏನು ಕಡಿದು ಗುಡ್ಡೆ ಹಾಕಿತು ಎಂದು ಕೇಳುವುದು ಅಷ್ಟು ಸಭ್ಯತೆಯಲ್ಲ.

ಯುಗೊಸ್ಲಾವಿಯಾ ಒಡೆಯಿತು, ಸಮಾಜವಾದ ಮೂಲೆ ಸೇರಿತು, 1992ರಲ್ಲಿ ಸರ್ತಿದ್ ಎಂಬ ಹೆಸರು ಮರಳಿ ಬಂದಿತು. ಈ ಬಾರಿ ಬಾಲಕ್ಕೆ ಒಂದು ಇಸವಿಯನ್ನೂ ಅಂಟಿಸಿಕೊಂಡು ತಂಡ 'ಸರ್ತಿದ್ 1913' ಎನಿಸಿಕೊಂಡಿತು. 1913 ಕಾರ್ಖಾನೆ ಹುಟ್ಟಿದ ವರ್ಷ. 1924ರಲ್ಲಿ ಹುಟ್ಟಿದ ಕ್ಲಬ್ ಒಂದೇ ಏಟಿಗೆ ಹನ್ನೊಂದು ವರ್ಷ ದೊಡ್ಡದಾಯಿತು. ಜೂನಿಯರ್ ತಂಡ ಸೇರಲು ವಯಸ್ಸು ಕಡಿಮೆ ಬರೆಸುವ ಆಟಗಾರರನ್ನು ಲೋಕವೆಲ್ಲ ಕಂಡಿದೆ. ಯಜಮಾನನನ್ನು ಮೆಚ್ಚಿಸಲು ವಯಸ್ಸು ಹೆಚ್ಚಿಸಿಕೊಂಡ ಕ್ಲಬ್ ಅಪರೂಪ.

ಈಗ ಅಸಲು ಪ್ರಹಸನಕ್ಕೆ ಬರೋಣ. 2002ರಲ್ಲಿ ಕಾರ್ಖಾನೆ ದಿವಾಳಿಯಾಯಿತು. ಸಾಲ ನೂರು ಕೋಟಿ ಡಾಲರನ್ನೂ ಮೀರಿತ್ತು. ನ್ಯಾಯವಾಗಿ ನೋಡಿದರೆ ತಂಡವೂ ಬಾಗಿಲು ಹಾಕಬೇಕಿತ್ತು. ಅದು ಮಾಡಿದ್ದೇನು? ಅದೇ ವರ್ಷ ಯುರೋಪಿನ ಕ್ಲಬ್ಬುಗಳ ಯುಯೆಫಾ ಕಪ್ ಆಡಲು ಇಂಗ್ಲೆಂಡಿಗೆ ಹೊರಟಿತು! ಇಪ್ಸ್‌ವಿಚ್ ಟೌನ್ ತಂಡದ ಮೈದಾನವಾದ ಪೋರ್ಟ್‌ಮನ್ ರೋಡಿನಲ್ಲಿ ಅದರ ವಿರುದ್ಧ 1-1 ಸಮ ಮಾಡಿಕೊಂಡು ಬಂದು, ಊರಿನಲ್ಲಿ 0-1ರಿಂದ ಸೋತಿತು. ಎದುರಾಳಿಯೂ ಸಾಮಾನ್ಯನಲ್ಲ: ಆ ವರ್ಷವಷ್ಟೇ ಪ್ರೀಮಿಯರ್ ಲೀಗಿನಿಂದ ಕೆಳಗೆ ಬಿದ್ದು, ಸಭ್ಯ ಆಟಕ್ಕೆಂದು ಮೀಸಲಿದ್ದ ಸ್ಥಾನದಿಂದ ಯುರೋಪಿಗೆ ಬಂದಿದ್ದ ತಂಡ. ಕೆಲವೇ ತಿಂಗಳುಗಳಲ್ಲಿ, 2003ರ ಫೆಬ್ರವರಿಯಲ್ಲಿ, ಸಾಲದ ಹೊರೆ ತಾಳಲಾರದೆ ಅದೂ ದಿವಾಳಿ ನೋಡಿಕೊಳ್ಳುವ ಆಡಳಿತಾಧಿಕಾರಿಗಳ ಕೈಸೇರಿತು. ಅಂದು ಮೈದಾನದಲ್ಲಿ ಓಡುತ್ತಿದ್ದವರು ಇಪ್ಪತ್ತೆರಡು ಮಂದಿ ಎಂದು ರೆಫರಿ ಎಣಿಸಿರಬಹುದು. ಸಾಲಗಾರರನ್ನು ಎಣಿಸಿದವರು ಯಾರೂ ಇರಲಿಲ್ಲ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕಲ್ಲವೇ? 2003ರಲ್ಲಿ ಸರ್ಬಿಯಾ ಮತ್ತು ಮಾಂಟೆನೆಗ್ರೊ ಕಪ್ಪಿನ ಫೈನಲ್. ಎದುರಿಗೆ ಬೆಲ್‌ಗ್ರೇಡಿನ ರೆಡ್ ಸ್ಟಾರ್, 1991ರಲ್ಲಿ ಯುರೋಪಿಯನ್ ಕಪ್ ಎತ್ತಿದ ದೈತ್ಯ. ಹೆಚ್ಚುವರಿ ಅವಧಿಗೆ ಹೋದ ಆಟವನ್ನು ಸರ್ತಿದ್ 1-0ರಿಂದ ಗೆದ್ದಿತು. ಕ್ಲಬ್ಬಿನ ಇತಿಹಾಸದಲ್ಲಿ ಅಷ್ಟು ದೊಡ್ಡ ಟ್ರೋಫಿ ಇನ್ನೊಂದಿಲ್ಲ. ಅದನ್ನು ಗೆದ್ದದ್ದು ದಿವಾಳಿಯಾದ ಕಂಪನಿಯ ಹೆಸರಿನಲ್ಲಿ. ಕೆಲವು ತಿಂಗಳ ನಂತರ ಕಾರ್ಖಾನೆಯ ಆಸ್ತಿಯನ್ನು ಅಮೆರಿಕದ ಯು.ಎಸ್. ಸ್ಟೀಲ್ 2.3 ಕೋಟಿ ಡಾಲರಿಗೆ ಕೊಂಡಿತು. ಆಸ್ತಿ ಹೊಸಬರ ಪಾಲಾಯಿತು, ಸಾಲ ಕೊಟ್ಟವರು ಕೋರ್ಟಿನ ದಾರಿ ಹಿಡಿದರು. ಬೋರ್ಡಿನಿಂದ ಸರ್ತಿದ್ ಇಳಿಯಿತು, ಸ್ಮೆದೆರೆವೊ ಏರಿತು. ಸತ್ತವನ ಹೆಸರಿನಲ್ಲಿ ಬಂದ ಬಹುಮಾನವನ್ನು ವಾರಸುದಾರ ಕಪಾಟಿನಲ್ಲಿ ಇಟ್ಟುಕೊಂಡ.

ಅಮೆರಿಕನ್ನರು ಹಲವು ವರ್ಷ ಉಕ್ಕು ಕರಗಿಸಿದರು. ಮಾರುಕಟ್ಟೆ ಕುಸಿದು ನಷ್ಟ ಹೆಚ್ಚಾದಾಗ 2012ರ ಜನವರಿಯಲ್ಲಿ ಇಡೀ ಕಾರ್ಖಾನೆಯನ್ನು ಸರ್ಬಿಯಾ ಸರ್ಕಾರಕ್ಕೆ ಮಾರಿ ಹೋದರು. ಬೆಲೆ ಒಂದು ಡಾಲರ್. ಊದುಕುಲುಮೆ, ಚಿಮಣಿ, ಐದು ಸಾವಿರಕ್ಕೂ ಹೆಚ್ಚು ನೌಕರರು, ಎಲ್ಲ ಸೇರಿ ಒಂದು ಡಾಲರ್. ಕೊಂಡ ಸರ್ಕಾರಕ್ಕೆ ಅದೇ ವರ್ಷ ಮೇ ತಿಂಗಳಲ್ಲಿ ಚುನಾವಣೆ ಇತ್ತೆಂಬುದು ಬರೀ ಕಾಕತಾಳೀಯ ಎಂದು ನಂಬುವಷ್ಟು ದೊಡ್ಡ ಮನಸ್ಸು ನನಗಿಲ್ಲ. 2016ರಲ್ಲಿ ಚೀನಾದ ಹೆಸ್ಟೀಲ್ 4.6 ಕೋಟಿ ಯೂರೊ ಕೊಟ್ಟು ಕೊಂಡುಕೊಂಡಾಗ ಷಿ ಜಿನ್‌ಪಿಂಗ್ ಖುದ್ದು ಬಂದು ಕಾರ್ಖಾನೆ ನೋಡಿ ಹೋದರು. ಕಾರ್ಖಾನೆಯ ಪಕ್ಕದ ರಾಡಿನಾತ್ಸ್ ಹಳ್ಳಿಯಲ್ಲಿ ಕಿಟಕಿಯ ಅಂಚಿಗೆ ಬೆರಳು ಒತ್ತಿದರೆ ಕೆಂಪು ಧೂಳು ಹತ್ತುತ್ತದೆ, ಒಣಹಾಕಿದ ಬಟ್ಟೆಯ ಮೇಲೂ ಅದೇ ಧೂಳು ಎಂದು ಜನ ದೂರಿದರು. ಒಡೆತನ ಎಷ್ಟು ಸಲ ಬದಲಾದರೂ ಹೊಗೆಯ ವಿಳಾಸ ಮಾತ್ರ ಬದಲಾಗಿಲ್ಲ.

ಇತ್ತ ತಂಡ 2013ರಲ್ಲಿ ಮೊದಲ ದರ್ಜೆಯ ಲೀಗಿನಿಂದ ಜಾರಿತು. ಆಮೇಲೆ ಕೆಳಗಿನ ದರ್ಜೆಗಳಲ್ಲೇ ಅದರ ಓಡಾಟ. ಆದರೆ ಕ್ರೀಡಾಂಗಣ ಜಾರಲಿಲ್ಲ. ಅದು ಹದಿನೇಳು ಸಾವಿರ ಮಂದಿ ಕೂರುವ ಆಸನಗಳೊಂದಿಗೆ ನಿಂತೇ ಇದೆ. ಪಟ್ಟಣದ ಜನ ಅಜ್ಜಿ, ಮೊಮ್ಮಕ್ಕಳ ಸಮೇತ ಬಂದರೆ ತುಂಬೀತು. ಹಾಗೆ ಬರಲು ಕೆಳದರ್ಜೆಯ ಲೀಗಿನ ಮಧ್ಯಾಹ್ನದ ಪಂದ್ಯವಂತೂ ಸಾಲದು.

ಇಂದಿನ ಹೆಸರು 'ಸ್ಮೆದೆರೆವೊ 1924'. ಕೊನೆಗೂ ಸ್ವಂತ ಊರು, ಸ್ವಂತ ಹುಟ್ಟಿದ ವರ್ಷ! ಯಾರಿಗೂ ಋಣವಿಲ್ಲದ ಹೆಸರು ಬಂದದ್ದು ಕೈಯಲ್ಲಿ ಕಾಸಿಲ್ಲದ ಕಾಲಕ್ಕೆ. ನಾಳೆ ಶ್ರೀಮಂತನೊಬ್ಬ ಬಂದು ತನ್ನ ಅಜ್ಜನ ಹೆಸರನ್ನೂ ಜನ್ಮದಿನವನ್ನೂ ಕೊಟ್ಟರೆ ಬೋರ್ಡಿನವನು ಕುಂಚ ಹಿಡಿದು ಏಣಿ ಹತ್ತದೆ ಇರುತ್ತಾನೆಯೇ?

ಆದರೂ ಒಂದು ಧೈರ್ಯವಿದೆ. ಸರ್ಬಿಯಾದ ಬಹುತೇಕ ಕ್ಲಬ್ಬುಗಳು ಕಾನೂನಿನ ಲೆಕ್ಕದಲ್ಲಿ ನಾಗರಿಕರ ಸಂಘಗಳು. ರಾಜಕೀಯ ಪಕ್ಷದವರು ಆಡಳಿತ ಮಂಡಳಿಯ ಕುರ್ಚಿಯಲ್ಲಿ ಕೂರಬಹುದು, ಪುರಸಭೆ ಬಜೆಟ್ಟಿನಿಂದ ಹಣ ಹಾಕಬಹುದು, ಗೆದ್ದ ದಿನ ಎಲ್ಲರೂ ಫೋಟೊಗೆ ನಿಲ್ಲಬಹುದು. ಸೋತ ದಿನ ಮಾತ್ರ ಅದು ಎಲ್ಲ ನಾಗರಿಕರದು. ಹಾಗಾಗಿ ಕಾರ್ಖಾನೆಗೆ ಬಂದ ಗತಿ ಕ್ಲಬ್ಬಿಗೆ ಬರಲಾರದು. ಒಂದು ಡಾಲರಿಗೆ ಮಾರುವುದಕ್ಕೂ ಮೊದಲು ಒಬ್ಬ ಮಾಲೀಕ ಇರಬೇಕಲ್ಲ!