ಕಪ್ಲರ್ ಬಿಚ್ಚಲು ನಾಲ್ಕು ಕೈ ಬೇಕು

ಊರಿಂದ ತಂದ ಮಿಕ್ಸಿಗೆ ನೆದರ್‌ಲ್ಯಾಂಡ್ಸ್‌ನಲ್ಲಿ ಪ್ಲಗ್ ಬದಲಿಸಿದರೆ ಸಾಕು. ಇಲ್ಲೂ 230 ವೋಲ್ಟ್, 50 ಹರ್ಟ್ಸ್. ಕೆಟ್ಟರೆ ಮಾತ್ರ ಅಂಗಡಿಯವರು ಬಿಚ್ಚಿಯೂ ನೋಡದೆ 'ಹೊಸದು ತಗೊಳ್ಳಿ' ಅನ್ನುತ್ತಾರೆ. ಆ ಮಾತು ಚುಚ್ಚುತ್ತದೆ. ಕೆಟ್ಟ ಸಾಮಾನನ್ನು ಜನ ಕೂಡಿ ಕೂತು ಸರಿಮಾಡುವ ರಿಪೇರ್ ಕೆಫೆಗೆ ಒಯ್ದರೆ ಸ್ಕ್ರೂಡ್ರೈವರನ್ನು ನಮ್ಮ ಕೈಗೇ ಕೊಡುತ್ತಾರೆ! 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮಾರ್ಟಿನ್ ಪೋಸ್ಟ್ಮಾ ಶುರುಮಾಡಿದ ಪದ್ಧತಿ ಇದು. ಬಲ್ಲವರು ಪಕ್ಕದಲ್ಲಿ ಕೂರುತ್ತಾರೆ, ಬಿಚ್ಚುವುದಕ್ಕೆ ಮನೆಯವರೂ ಕೈ ಹಾಕಬೇಕು.

ಮಿಕ್ಸಿಗೆ ಇದು ಹೇಳಿ ಮಾಡಿಸಿದ ಪದ್ಧತಿ. ಮೋಟರ್ ಓಡುತ್ತಿದೆ, ಬ್ಲೇಡು ನಿಂತಲ್ಲೇ ನಿಂತಿದೆ ಎಂದರೆ ಬಹುಪಾಲು ಕಪ್ಲರಿನ, ಅಂದರೆ ಮೋಟರಿನ ತಿರುಗನ್ನು ಜಾರಿಗೆ ದಾಟಿಸುವ ಬಿಲ್ಲೆಯ, ಹಲ್ಲು ಸವೆದಿರುತ್ತದೆ. ಪ್ಲಗ್ ಕಿತ್ತು, ಮಗುಚಿ, ತಳ ಬಿಚ್ಚಿದರೆ ಹೆಚ್ಚಿನ ಮಿಕ್ಸಿಗಳಲ್ಲಿ ಮೋಟರಿನ ಶಾಫ್ಟಿನ (ತಿರುಗುವ ನಡುಕಂಬಿಯ) ಕೆಳತುದಿಗೆ ಸ್ಕ್ರೂಡ್ರೈವರ್ ಕೂರುವ ಸೀಳು ಇರುತ್ತದೆ. ಅಪ್ಪ ಅಲ್ಲಿ ಸ್ಕ್ರೂಡ್ರೈವರ್ ಇಟ್ಟು ಶಾಫ್ಟನ್ನು ಅಲ್ಲಾಡದಂತೆ ಹಿಡಿದರೆ ಮಗಳು ಕಪ್ಲರನ್ನು ಮೋಟರ್ ತಿರುಗುವ ದಿಕ್ಕಿಗೇ ತಿರುಗಿಸಬೇಕು. ಓಡುವಾಗ ಜಾರಿನ ಭಾರಕ್ಕೆ ಬಿಗಿಯಾಗುತ್ತಲೇ ಇರಲಿ ಎಂದು ಥ್ರೆಡ್ಡನ್ನು ಹಾಗೆ ಕೊರೆದಿರುತ್ತಾರೆ. ಎದುರು ದಿಕ್ಕಿಗೆ ಜಗ್ಗಿದರೆ ಇನ್ನೂ ಬಿಗಿದು ಕೊನೆಗೆ ಒಡೆಯುತ್ತದೆ.

ಗಾಳಿಕಿಂಡಿಯಲ್ಲಿ ಕಿಡಿ ಜೋರಾಗಿ ಕಾಣುತ್ತಿದ್ದರೆ ಕಾರ್ಬನ್ ಬ್ರಷ್ಷನ್ನೂ (ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಇದ್ದಿಲಿನ ತುಂಡು) ನೋಡಿಬಿಡಿ. ಐದಾರು ಮಿಲಿಮೀಟರಿಗೆ ಇಳಿದಿದ್ದರೆ ಜೋಡಿಯನ್ನೇ ಬದಲಿಸಬೇಕು. ಒಂದನ್ನೇ ಹಾಕಿದರೆ ಎರಡು ಕಡೆಯ ಒತ್ತಡ ಸಮನಾಗದೆ ಕಿಡಿ ನಿಲ್ಲುವುದಿಲ್ಲ. ಬ್ರಷ್ ಉಜ್ಜುವ ತಾಮ್ರದ ಉರುಳೆಯ, ಅಂದರೆ ಕಮ್ಯುಟೇಟರಿನ, ಕಪ್ಪನ್ನು ನಯವಾದ ಸ್ಯಾಂಡ್‌ಪೇಪರಿನಿಂದ ಉಜ್ಜಿ. ಎಮರಿ ಪೇಪರ್ ಬೇಡ, ಅದರ ಪುಡಿ ಕರೆಂಟು ಹಾಯಿಸುತ್ತದೆ.

ನಮ್ಮ ಮನೆಗಳಲ್ಲಿ ಮಕ್ಕಳು ಹತ್ತಿರ ಬಂದರೆ 'ಮುಟ್ಟಬೇಡ, ಅಂಗಡಿಗೆ ಕೊಡೋಣ.' ದಿನಾ ಚಟ್ನಿ ಅರೆಯುವ ಅಮ್ಮನಿಗೂ ಆ ತಳದೊಳಗೆ ಏನಿದೆಯೆಂದು ಯಾರೂ ತೋರಿಸಿರುವುದಿಲ್ಲ. ನನಗೆ ಇದು ಸಹಿಸಲಾಗುವುದಿಲ್ಲ. ಅರ್ಧ ಗಂಟೆಯ ಕೆಲಸ, ಅದನ್ನೂ ಪೂರ್ತಿ ಹೊರಗಿನವರಿಗೆ ಒಪ್ಪಿಸಿ ಕೂತಿದ್ದೇವೆ.

ಒಂದನ್ನು ಒಪ್ಪಲೇಬೇಕು. ಕೆಫೆಯಲ್ಲಿ ಕೈಗಳಿವೆ, ನಮ್ಮ ಮಿಕ್ಸಿಯ ಕಪ್ಲರ್ ಇಲ್ಲ. ಬುಷ್ (ಬ್ಲೇಡಿನ ಕಂಬಿ ತಿರುಗುವ, ಜಾರಿನ ತಳದ ಕೊಳವೆ) ಸವೆದು ಚಟ್ನಿಗೆ ಕಪ್ಪು ಇಳಿಯುತ್ತಿರುವ ಜಾರನ್ನು ನಮ್ಮೂರ ಪೇಟೆಬೀದಿಯಲ್ಲಿ ಕೊಟ್ಟರೆ ಹೊಸ ಬುಷ್ ಕೂರಿಸಿ, ವಾಷರ್ ಹಾಕಿ, ಜಾರಿಗೆ ನೀರು ತುಂಬಿ, ತಳವನ್ನು ಬೆರಳಿನಿಂದ ಒರೆಸಿ ತೋರಿಸಿಯೇ ಕೊಡುತ್ತಾರೆ. ಆ ಬೆರಳು ಇಲ್ಲಿ ಸಿಗುವುದಿಲ್ಲ. ಹಾಗಾಗಿ ಊರಿಂದ ಬರುವವರ ಸೂಟ್‌ಕೇಸಿನಲ್ಲಿ ಹುಳಿಪುಡಿಯ ಪಕ್ಕ ಎರಡು ಕಪ್ಲರ್, ಒಂದು ಜೋಡಿ ಬ್ರಷ್ ಇರಲಿ. ತರಿಸುವ ಮೊದಲು ಹಳೆಯ ಕಪ್ಲರನ್ನು ಸ್ಕೇಲಿನ ಪಕ್ಕ ಇಟ್ಟು, ಹಲ್ಲು ಎಣಿಸಲು ಬರುವಂತೆ ಫೋಟೋ ತೆಗೆದು ಕಳಿಸಿ.