ಸೀಸನ್ ಟಿಕೆಟ್ ಯಾಕೆ ರಿನ್ಯೂ ಮಾಡಿಲ್ಲ ಅಂದ್ರೆ...

ಈ ಸಲವೂ ಕಾಲೇಜಿನ ಕಡೆಯಿಂದ ಫೋನ್ ಬಂತು. ಫುಟ್‌ಬಾಲ್ ಸೀಸನ್ ಟಿಕೆಟ್ ಇನ್ನೂ ರಿನ್ಯೂ ಮಾಡಿಲ್ಲವಲ್ಲ, ಯಾಕೆ ಅಂತ. ಪಾಪ, ಆ ಕಡೆ ಮಾತಾಡಿದ್ದು ಯಾರೋ ವಿದ್ಯಾರ್ಥಿ. ಅವನ ಮೇಲೆ ರೇಗಿ ಏನು ಪ್ರಯೋಜನ?

ಅಮೆರಿಕದ ಈ ಕಾಲೇಜು ಊರಿಗೆ ಬಂದ ಮೇಲೆ ನನಗೂ ಫುಟ್‌ಬಾಲ್ ಹುಚ್ಚು ಹಿಡಿದಿತ್ತು. ಕಾಲಲ್ಲಿ ಒದೆಯುವುದಲ್ಲ, ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವುದು. ಕಾಲೇಜು ತಂಡ ಇಲ್ಲಿ ಆಡುವುದು ವರ್ಷಕ್ಕೆ ಆರೋ ಏಳೋ ಪಂದ್ಯ, ಅಷ್ಟಕ್ಕೂ ಸೇರಿಸಿ ಒಂದು ಸೀಸನ್ ಟಿಕೆಟ್. ಒಳ್ಳೆ ಸೀಟು ಬೇಕಾದರೆ ಟಿಕೆಟ್ ದುಡ್ಡಿನ ಮೇಲೆ ಕಾಲೇಜಿಗೆ 'ದೇಣಿಗೆ' ಬೇರೆ. ಕೊಡಲೇಬೇಕಾದ್ದು ಅದು ಹೇಗೆ ದೇಣಿಗೆ ಆಗುತ್ತೋ! ಮೊದಲು ಅದರ 80 ಪರ್ಸೆಂಟಿಗೆ ತೆರಿಗೆ ವಿನಾಯಿತಿಯಾದರೂ ಇತ್ತು. 2018ರಿಂದ ಅದೂ ಹೋಯಿತು.

ಇಷ್ಟು ಕೊಟ್ಟರೂ ಆಟ ಎಷ್ಟು ಗಂಟೆಗೆ? ಅದನ್ನು ಟಿವಿಯವರು ಹೇಳಬೇಕು. ಎಷ್ಟೋ ಪಂದ್ಯಕ್ಕೆ ಹೇಳುವುದು 12 ದಿನ ಮುಂಚೆ, ಕೆಲವಕ್ಕೆ ಬರೀ 6 ದಿನ. ಪಂದ್ಯದ ದಿನ ಶನಿವಾರ ಯಾರನ್ನಾದರೂ ಮನೆಗೆ ಕರೆಯೋಣವೆಂದರೆ ಮಧ್ಯಾಹ್ನದ ಊಟಕ್ಕೋ ರಾತ್ರಿಯದಕ್ಕೋ ಗೊತ್ತಿಲ್ಲ.

ನವೆಂಬರ್ ಚಳಿ. ಅಲ್ಯೂಮಿನಿಯಂ ಬೆಂಚು ಜೀನ್ಸ್ ದಾಟಿ ಮೂಳೆಗೇ ಕೊರೆಯುತ್ತದೆ. ಆಗ ಕೆಂಪು ಟೋಪಿಯವನೊಬ್ಬ ಮೈದಾನಕ್ಕೆ ಬಂದು ನಿಲ್ಲುತ್ತಾನೆ. ಅಂದರೆ ಟಿವಿಯಲ್ಲಿ ಜಾಹೀರಾತು. ಅವನು ಹೋಗುವತನಕ ಎರಡೂ ತಂಡದವರು ಸುಮ್ನೆ ನಿಂತಿರುತ್ತಾರೆ, ನಾವು ಕೈ ಉಜ್ಜಿಕೊಳ್ಳುತ್ತಾ ಕೂತಿರುತ್ತೇವೆ. ಆ ಜಾಹೀರಾತೂ ನಮಗೆ ಕಾಣಲ್ಲ!

ಹೋದ ವರ್ಷ ಪಕ್ಕದ ಸೀಟಿನವನು ಆವತ್ತೇ ಬೆಳಿಗ್ಗೆ ಫೋನಲ್ಲಿ ಟಿಕೆಟ್ ಕೊಂಡಿದ್ದನಂತೆ. ನಾನು ಕೊಟ್ಟದ್ದರ ಅರ್ಧಕ್ಕೆ. ಸಾಲದ್ದಕ್ಕೆ ನನ್ನ ಪಾಪ್‌ಕಾರ್ನ್‌ಗೂ ಕೈ ಹಾಕಿದ.